ಒಂಬತ್ತನೇ ಗೋಡೆ

ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. ರೋಗಿ ಹಿಡಿದು ನಡೆಯುವ ಚೌಕಟ್ಟಿನ ಅಗಲ ಇಪ್ಪತ್ತೈದು ಅಂಗುಲ. ಬಚ್ಚಲಿನ ಬಾಗಿಲು ಕಡೇ ಪಕ್ಷ ಇಪ್ಪತ್ತೆಂಟು ಅಂಗುಲ ಇರಬೇಕು. ಇಲ್ಲವಾದರೆ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ, ಆರೈಕೆ ಕೇಂದ್ರಕ್ಕೆ ಸೇರಿಸಬೇಕು.

ಕೆಲಸದಿಂದ ಬಂದ ಸೊಸೆ ಕೈಚೀಲವನ್ನೂ ಇಳಿಸದೆ, ಕತ್ತಿನಲ್ಲಿದ್ದ ಟೇಪನ್ನು ಎಳೆದು ಬಚ್ಚಲಿನ ಬಾಗಿಲಿಗೆ ಹಿಡಿದಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಬೇರೆ ಹೆಂಗಸರ ಕತ್ತಿನಲ್ಲಿ ಸರ ಇರುವಂತೆ ಅವಳ ಕತ್ತಿನಲ್ಲಿ ಟೇಪು. ಇಪ್ಪತ್ತೊಂದು ಅಂಗುಲ. ಮೇಲೆ ಅಳೆದಳು, ನಡುವೆ ಅಳೆದಳು, ಕುಕ್ಕರಗಾಲಲ್ಲಿ ಕೂತು ಕೆಳಗೂ ಅಳೆದಳು. ಇಪ್ಪತ್ತೊಂದೇ. ಮಾವ ಕಟ್ಟಿದ ಮನೆಯಲ್ಲಿ ಮೇಲೊಂದು ಕೆಳಗೊಂದು ಅಳತೆ ಇರುವುದಾದರೂ ಹೇಗೆ?

"ಅಮ್ಮಾ, ಮೂರು ಸಲ ಅಳೆದ್ರೆ ಅಗಲ ಆಗತ್ತಾ?" ಎಂದಳು ಮಗಳು. ಅವಳಿಗೆ ಹದಿನೇಳು, ಅಜ್ಜಿ ಆಸ್ಪತ್ರೆ ಸೇರಿದಾಗಿನಿಂದ ಆಲೂಗಡ್ಡೆ ಸುಲಿಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

"ನಿನ್ನ ಕೆಲಸ ನೀನು ನೋಡು. ಸಿಪ್ಪೆ ದಪ್ಪ ಬರ್ತಿದೆ."

ಅತ್ತೆ ಹಿತ್ತಲಿನ ಮೆಟ್ಟಿಲಲ್ಲಿ ಒಗೆದ ಬಟ್ಟೆಯ ಬುಟ್ಟಿಯ ಸಮೇತ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹನ್ನೊಂದು ದಿನವಾಗಿತ್ತು. ಇನ್ನು ಮೂರು ವಾರಕ್ಕೆ, ಒಂದು ಗುರುವಾರ, ಬಿಡುಗಡೆ. ಆಸ್ಪತ್ರೆಯಲ್ಲಿ ಹಾಸಿಗೆಗೇ ತಂದು ಕೊಡುವ ಪಾಟು ಅವರಿಗೆ ಆಗದು. "ಮಲಗಿದಲ್ಲೇ ಮಾಡೋಕೆ ನಾನೇನು ಎಳೇ ಕೂಸಾ?" ಎಂದು ನರ್ಸುಗಳ ಜೀವ ತಿನ್ನುತ್ತಿದ್ದರು. ಮೊನ್ನೆ ಸೊಸೆಯ ಕೈ ಹಿಡಿದು ಒಂದೇ ಮಾತು ಹೇಳಿದ್ದರು: "ಎಲ್ಲಿಗಾದ್ರೂ ಕಳ್ಸಿ. ಆದ್ರೆ ನಾನೇ ಎದ್ದು ಹೋಗಿ ನಾನೇ ಬರೋ ಹಾಗಿರ್ಬೇಕು." ಸೊಸೆ ಹೂಂ ಅಂದುಬಿಟ್ಟಿದ್ದಳು. ಹೂಂ ಅನ್ನುವುದಕ್ಕೆ ಏನು ಖರ್ಚು? ಈಗ ಆ ಹೂಂ ಇಪ್ಪತ್ತೊಂದು ಅಂಗುಲದಲ್ಲಿ ಸಿಕ್ಕಿಕೊಂಡಿತ್ತು.

ಊಟಕ್ಕೆ ಕೂತಾಗ ಗಂಡನ ಮುಂದೆ ಚೀಟಿ ಇಟ್ಟಳು. ಅವನು ಬಸ್ ಡಿಪೋದಲ್ಲಿ ಚಾಲಕರಿಗೆ ಪಾಳಿ ಹಂಚುವವನು. ದಿನವಿಡೀ ಎಲ್ಲರನ್ನೂ ಸಮಾಧಾನ ಮಾಡಿ ಮನೆಗೆ ಬರುವಷ್ಟರಲ್ಲಿ ಅವನಲ್ಲಿ ಒಂದು ಗಟ್ಟಿ ಮಾತೂ ಉಳಿದಿರುತ್ತಿರಲಿಲ್ಲ.

"ಅಗಲ ಮಾಡಿಸೋದು ಅಂದ್ರೆ... ಅದು ಅಪ್ಪನ ಗೋಡೆ ಕಣೇ."

"ಅಪ್ಪನ ಗೋಡೆ, ಅಮ್ಮನ ಸೊಂಟ. ಎರಡರಲ್ಲಿ ಯಾವುದು ಬೇಕು ಹೇಳಿ."

"ಹಾಗೆ ಕೇಳಿದ್ರೆ ಹೇಗೆ?"

"ಇನ್ನು ಹೇಗೆ ಕೇಳ್ಲಿ? ಪಾಳಿ ಚೀಟಿ ಬರ್ಕೊಡ್ಲಾ?"

ಮಾವ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು, ಆದರೂ ಆ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೆ ಇನ್ನೂ ಅವರ ಅಪ್ಪಣೆ ಬೇಕಿತ್ತು. ಹುಡುಗುಪ್ರಾಯದಲ್ಲಿ ಯುದ್ಧಕ್ಕೆ ಹೋಗಿ, ಸೈನ್ಯಕ್ಕೆ ಸೇತುವೆ, ಅಡಗುದಾಣ ಕಟ್ಟುವ ತುಕಡಿಯಲ್ಲಿ ನಾಲ್ಕು ವರ್ಷ ಇದ್ದು ಬಂದವರು. ಬಂದಮೇಲೆ ಹಗಲು ಕೂಲಿ, ಸಂಜೆ ತರಗತಿ ಎಂದು ಓದಿ, ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರ್ ಆದವರು. ಮನೆಯನ್ನು ನಲವತ್ತೊಂದು ವರ್ಷದ ಹಿಂದೆ ತಾವೇ ನಿಂತು ಕಟ್ಟಿದ್ದರು. ಎಲ್ಲ ಬಾಗಿಲೂ ಇಪ್ಪತ್ತೊಂದು ಅಂಗುಲ. "ಬಾಗಿಲು ಅಂದ್ರೆ ಗೋಡೆಗೆ ಆದ ಗಾಯ. ಗಾಯ ಸಣ್ಣದಿದ್ದಷ್ಟೂ ಒಳ್ಳೇದು" ಎನ್ನುತ್ತಿದ್ದರು. ಸೊಸೆ ಮದುವೆಯಾಗಿ ಬಂದಾಗ ತವರಿನವರು ಕೊಟ್ಟ ಬೀರು ಒಳಗೆ ಹೋಗದೆ ಮೂರು ದಿನ ಅಂಗಳದಲ್ಲಿ ನಿಂತಿತ್ತು. ಕೊನೆಗೆ ಬಡಗಿ ಬಂದು ಅದನ್ನು ಹಲಗೆ ಹಲಗೆ ಬಿಚ್ಚಿದ್ದ. ಸ್ಥೂಲಕಾಯದ ಅತ್ತೆಯಂತೂ ಎಲ್ಲ ಬಾಗಿಲಲ್ಲೂ ಅಡ್ಡಕ್ಕೆ ತಿರುಗಿಯೇ ಓಡಾಡುತ್ತಿದ್ದರು.

ಗೋಡೆಗಳಿಗೆಲ್ಲ ಒಂದರಿಂದ ಹದಿನೇಳರವರೆಗೆ ಸಂಖ್ಯೆ ಕೊಟ್ಟಿದ್ದರು. ದಪ್ಪ ರಟ್ಟಿನ ಗೋಡೆ ಪುಸ್ತಕ ಒಂದಿತ್ತು. ಗೋಡೆ ನಾಲ್ಕು, ನೆಲದಿಂದ ಅರವತ್ತೆರಡು ಅಂಗುಲ, ಕ್ಯಾಲೆಂಡರಿಗೆ ಮೊಳೆ ಒಂದು – ಹೀಗೆ ತಾರೀಖಿನ ಸಮೇತ. ಎಲ್ಲಿ ಪೈಪು, ಎಲ್ಲಿ ತಂತಿ, ಎಲ್ಲಿ ಕಬ್ಬಿಣ, ಎಲ್ಲ ಅದರಲ್ಲಿ. ಮೊದಲು ಪುಸ್ತಕ, ಆಮೇಲೆ ಸುತ್ತಿಗೆ. ಮಕ್ಕಳು ಅಕ್ಷರ ಕಲಿಯುವ ಮೊದಲು ಕಲಿತ ಪಾಠ ಇದು. ಸುಳ್ಳು ಹೇಳಬಾರದು, ಪುಸ್ತಕದಿಂದ ಉಪಕಾರವೂ ಆಗಿತ್ತು. ಬೀದಿಯ ಎಲ್ಲ ಮನೆಗಳಲ್ಲೂ ಪ್ಲಂಬರು ಗೋಡೆ ಅಗೆದು ಪೈಪು ಹುಡುಕಿದರೆ, ಇವರ ಮನೆಯಲ್ಲಿ ಮಾತ್ರ ಪುಟ ತಿರುವಿ ಹುಡುಕುತ್ತಿದ್ದ.

ಭಾನುವಾರ ನಾದಿನಿ ಬಂದಳು. ಗಂಡನ ಅಕ್ಕ, ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಮಗಳು ಅವಳಿಗಿಟ್ಟ ಹೆಸರು ಹೆಡ್ಮಿಸ್ಸು. ಬಾಗಿಲ ವಿಷಯ ಕೇಳಿ ತಲೆಯಾಡಿಸಿದಳು. ಅವಳ ತಲೆಯೊಳಗೆ ಬೇರೆ ವಿಷಯವಿತ್ತು. ಇಲಾಖೆಯ ನಿವೃತ್ತರ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದರು. ಅಪ್ಪನಿಗೆ ನಾಲ್ಕು ಪುಟ. ಈ ಮನೆಯಲ್ಲೇ ಅವರು ಕೂತು ನಕ್ಷೆ ಬರೆಯುತ್ತಿದ್ದ ನಕ್ಷೆಕೋಣೆಯ ಫೋಟೋ ಬೇಕಂತೆ, ಮುಂದಿನ ತಿಂಗಳು ಬರುತ್ತಾರಂತೆ. ಬರೆಯುವ ಭಾರ ಅವಳದೇ.

"ಕೋಣೆ ಹೇಗಿದೆಯೋ ಹಾಗೇ ಇರ್ಬೇಕು. ಧೂಳು ಮಾತ್ರ ಹೊಡೀರಿ" ಎಂದಳು.

"ಅತ್ತೆ, ಧೂಳು ಹೊಡಿಯೋಕೆ ಪುಸ್ತಕದಲ್ಲಿ ಬರೀಬೇಕಾ?" ಎಂದಳು ಮಗಳು.

"ನಿನ್ನ ನಾಲಿಗೆಗೊಂದು ಪುಸ್ತಕ ಇಡ್ಬೇಕು ಮೊದ್ಲು."

ಮಂಗಳವಾರ ಮೇಸ್ತ್ರಿ ಬಂದ. ಮೋಟುಬೀಡಿ ಕಿವಿಗೆ ಸಿಕ್ಕಿಸಿಕೊಂಡ ಕುಳ್ಳ ಮನುಷ್ಯ, ಬೀದಿಯ ಅರ್ಧ ಮನೆಗಳನ್ನು ಒಡೆದು ಕಟ್ಟಿದವನು. ಸೊಸೆ ಅರ್ಧ ದಿನ ರಜೆ ಹಾಕಿ ನಿಂತಿದ್ದಳು. ಬಚ್ಚಲ ಬಾಗಿಲಿದ್ದದ್ದು ಒಂಬತ್ತನೇ ಗೋಡೆಯಲ್ಲಿ. ಅವನು ಬಾಗಿಲ ಬಲಗಡೆ ಉಳಿ ಇಟ್ಟು ಹತ್ತು ಪೆಟ್ಟು ಹಾಕಿದ. ಗಾರೆ ಉದುರಿತು, ಒಳಗಿನಿಂದ ಕಬ್ಬಿಣ ಹಲ್ಲು ಕಿರಿಯಿತು.

"ಇದೇನಮ್ಮಾ ಇದು, ರೈಲು ಕಂಬಿ! ಇದು ಮನೆಯೋ, ಖಜಾನೆಯೋ?"

"ಎಡಗಡೆ ನೋಡಿ."

ಎಡಗಡೆ ಸುತ್ತಿಗೆಯ ಹಿಡಿಯಿಂದ ಕುಟ್ಟಿ, ಕಿವಿಗೊಟ್ಟು, ಮತ್ತೆ ಕುಟ್ಟಿದ. "ಇಲ್ಲಿ ಕಂಬಿ ಇಲ್ಲ. ಆದ್ರೆ ಸದ್ದು ಬೇರೆ ಥರ ಬರ್ತಿದೆ. ಪೈಪಿದ್ದಂಗಿದೆ."

ಸೊಸೆ ಪುಸ್ತಕ ತಂದಳು. ಗೋಡೆ ಒಂಬತ್ತು. ಮೊದಲ ಪುಟಗಳಲ್ಲಿ ಮಾವನ ಅಚ್ಚಿನಂಥ ಅಕ್ಷರ: ಎಡಗಡೆ ಮುಖ್ಯ ಪೈಪು. ಕೊನೆಯಲ್ಲಿ, ಮಾವನ ಕಣ್ಣು ಮಂಜಾದ ಮೇಲೆ ಅವರು ಹೇಳಿ ಅತ್ತೆಯಿಂದ ಬರೆಸುತ್ತಿದ್ದ ಕಾಲದ್ದು, ಅತ್ತೆಯ ಗುಂಡು ಅಕ್ಷರ: ಸದರಿ ಪೈಪನ್ನು ಈ ದಿನ ಇಲ್ಲಿಂದ ತೆಗೆದು ಹನ್ನೊಂದನೇ ಗೋಡೆಗೆ ಹಾಕಲಾಯಿತು. ತಾರೀಖು ಎರಡು ವರ್ಷದ ಹಿಂದಿನದು.

"ಪೈಪು ತೆಗೆದಾಗಿದೆ" ಎಂದಳು.

"ನನ್ನ ಕಿವಿ ಹಾಗನ್ನಲ್ಲ."

"ನಿಮ್ಮ ಕಿವಿಗಿಂತ ಈ ಪುಸ್ತಕಕ್ಕೆ ವಯಸ್ಸಾಗಿದೆ ಮೇಸ್ತ್ರಿ. ಹೊಡೀರಿ."

ಈ ಮಾತು ಅವಳಿಗೆ ಆಮೇಲೆ ಎಷ್ಟು ದಿನ ಚುಚ್ಚಿತೆಂದರೆ, ಕಾರ್ಖಾನೆಯಲ್ಲಿ ಕತ್ತರಿ ಎತ್ತಿದಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮೇಸ್ತ್ರಿ ಹೊಡೆದ. ನಾಲ್ಕನೇ ಪೆಟ್ಟಿಗೆ ಗೋಡೆಯಿಂದ ನೀರು ಅವನ ಮುಖಕ್ಕೆ ಚಿಮ್ಮಿತು. ಬೀದಿಯ ಕೊಳಾಯಿಯ ಮುಖ್ಯ ತಿರುಗಣೆ ಎಲ್ಲಿದೆಯೆಂದು ಪುಸ್ತಕದಲ್ಲಿ ಹುಡುಕುವಷ್ಟರಲ್ಲಿ ಪುಸ್ತಕವೇ ನೆನೆದಿತ್ತು. ನೀರು ನಿಲ್ಲಿಸುವ ಹೊತ್ತಿಗೆ ಹಾಸಿಗೆ, ಅಕ್ಕಿ ಡಬ್ಬಿ, ಮಗಳ ಚೀಲ, ಎಲ್ಲ ತೇಲಾಡಿದ್ದವು.

ಗಂಡ ಬಂದು ಬಾಗಿಲಲ್ಲೇ ನಿಂತು ಷೂ ಬಿಚ್ಚಬೇಕೋ ಬೇಡವೋ ಎಂದು ನೋಡಿದ. "ಪುಸ್ತಕದಲ್ಲಿ ಏನಿತ್ತು?"

"ತೆಗೆದಾಗಿದೆ ಅಂತಿತ್ತು."

"ಹಾಗಾದ್ರೆ ತೆಗೆದಿರ್ಬೇಕಲ್ಲ."

"ಹೌದು ರೀ. ಇದು ಪೈಪಿನ ನೀರಲ್ಲ. ಗೋಡೆ ಅಳ್ತಿದೆ. ಒರೆಸಿ ಬನ್ನಿ."

ಮಾರನೇ ದಿನ ಬ್ರೆಡ್ಡು, ಬೇಯಿಸಿದ ಮೊಟ್ಟೆಯ ಡಬ್ಬಿಯೊಂದಿಗೆ ಆಸ್ಪತ್ರೆಗೆ ಹೋದಳು. ಹೇಳಬಾರದೆಂದುಕೊಂಡೇ ಹೋಗಿದ್ದಳು, ಆದರೆ ಅತ್ತೆ ಮೊಟ್ಟೆಗೆ ಉಪ್ಪು ಕಡಿಮೆ ಎಂದದ್ದೇ ನೆಪವಾಯಿತು.

"ಉಪ್ಪಿನ ಡಬ್ಬಿ ನೀರಲ್ಲಿ ಹೋಯ್ತು. ಪೈಪು ಒಡೀತು. ತೆಗೆದಾಗಿದೆ ಅಂತ ನೀವೇ ಬರೆದಿದ್ದೀರಿ ಪುಸ್ತಕದಲ್ಲಿ."

ಅತ್ತೆ ಮೊಟ್ಟೆ ಅಗಿಯುವುದನ್ನು ನಿಲ್ಲಿಸಿದರು. "ಒಂಬತ್ತನೇ ಗೋಡೆನಾ?"

"ಹೂಂ."

"ಅದ್ಯಾಕೆ ನಂಬಿದೆ?"

"ಏನಂದ್ರಿ?"

"ಕೊನೇ ಎರಡು ವರ್ಷ ನಿಮ್ಮಾವ ಹಾಸಿಗೆ ಬಿಟ್ಟು ಎದ್ದಿದ್ದೆಲ್ಲಿ? ಬೆಳಿಗ್ಗೆ ಎಚ್ಚರ ಆದ ಕೂಡ್ಲೆ, ಬರ್ಕೋ, ಇವತ್ತು ಅದನ್ನ ಮಾಡ್ದೆ, ಇದನ್ನ ಮಾಡ್ದೆ ಅನ್ನೋರು. ಮಾಡ್ಲಿಲ್ಲಾರೀ ಅಂದ್ರೆ ಮಗು ಥರ ಅಳೋರು. ನಾನು ಬರ್ಕೊಂಡೆ. ಮೂರನೇ ಗೋಡೆಗೆ ಕಿಟಕಿ ಇಟ್ಟಿದೀವಿ, ನೋಡಿದ್ಯಾ? ಚಾವಣಿನೂ ಒಂದಡಿ ಎತ್ತರಿಸಿದೀವಿ."

"ನಮಗೆ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ನೀವು ಅವರ ಎದುರಿಗೇ ತಿದ್ದೋರು. ಈ ಮನೆ ಜನಕ್ಕೆ ತಪ್ಪು ಕಂಡ್ರೆ ಕೈ ತುರಿಸುತ್ತೆ."

ಸೊಸೆಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಡಬ್ಬಿಯ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿ ಬಸ್ಸಿಗೆ ಹೊರಟಳು.

ಮೇಸ್ತ್ರಿ ಪೈಪಿಗೆ ತಾತ್ಕಾಲಿಕವಾಗಿ ತೇಪೆ ಹಾಕಿ, ಗೋಡೆಯನ್ನು ಮೂರು ದಿನ ಪರೀಕ್ಷಿಸಿ, ತೀರ್ಪು ಕೊಟ್ಟ. ಬಾಗಿಲ ಮೇಲಿನ ಕಂಬಿಗಳು ಚಾವಣಿಗೇ ಹೆಣೆದುಕೊಂಡಿವೆ. ಅಗಲ ಮಾಡಬೇಕೆಂದರೆ ಇಡೀ ಚಾವಣಿಗೆ ಕಂಬ ಕೊಟ್ಟು ನಿಲ್ಲಿಸಬೇಕು. ಆರು ವಾರ. "ನಾನು ಕಂಡ ಹಾಗೆ ಈ ಮನೆ ಬೀಳೋ ಹೊತ್ತಿಗೆ ಊರಲ್ಲಿ ಬೇರೆ ಯಾವ ಮನೆನೂ ಇರಲ್ಲ" ಎಂದು ಹೊಗಳಿಕೆಯನ್ನೂ ಸೇರಿಸಿದ. ಬಿಡುಗಡೆಗೆ ಉಳಿದಿದ್ದದ್ದು ಹನ್ನೆರಡು ದಿನ.

ಆ ಭಾನುವಾರ ನಾದಿನಿ ಬಂದಾಗ ಅವಳ ಕೈಯಲ್ಲಿ ಆರೈಕೆ ಕೇಂದ್ರದ ಅರ್ಜಿ ಇತ್ತು. ಎಲ್ಲರೂ ಅಡುಗೆಮನೆಯ ಮೇಜಿಗೆ ಕೂತಿದ್ದರು. ಸೂಪು ಆರುತ್ತಿತ್ತು.

"ಜಾಗ ಸ್ವಚ್ಛವಾಗಿದೆ. ತೋಟ ಇದೆ. ನಾನೇ ನೋಡಿ ಬಂದೆ" ಎಂದಳು.

"ಅಲ್ಲಿ ಅವರೇ ಎದ್ದು ಬಚ್ಚಲಿಗೆ ಹೋಗಬಹುದಾ?" ಎಂದಳು ಸೊಸೆ.

"ಬಿದ್ದುಗಿದ್ದಾರು ಅಂತ ಮೊದಲ ಆರು ತಿಂಗಳು ಬಿಡಲ್ಲ. ಆಯಾ ಇರ್ತಾಳೆ, ಪಾಟ್ ಕೊಡ್ತಾಳೆ."

"ಹಾಗಾದ್ರೆ ಬೇಡ."

"ಬೇಡ ಅಂದ್ರೆ? ನೀನು ಕೆಲಸ ಬಿಟ್ಟು ನೋಡ್ಕೋತೀಯಾ?"

"ನೀವು ಶಾಲೆ ಬಿಟ್ಟು ನೋಡ್ಕೋತೀರಾ?"

ಇಬ್ಬರೂ ಗಂಡನ ಕಡೆ ನೋಡಿದರು. ಅವನು ಚಮಚದಿಂದ ಸೂಪು ತಿರುವಿದ. "ಇಬ್ಬರು ಹೇಳೋದ್ರಲ್ಲೂ ಅರ್ಥ ಇದೆ."

"ಅಡ್ಡಗೋಡೆ ಮೇಲೆ ದೀಪ ಇಡೋದಾದ್ರೆ ನಿಮ್ಮಪ್ಪನ ಮನೇಲಿ ಗೋಡೆಗೇನು ಬರ ಇಲ್ಲ ಬಿಡಿ" ಎಂದು ಸೊಸೆ ಎದ್ದಳು. ಬಾಯಲ್ಲಿ ಇನ್ನೂ ಏನೇನೋ ಬರುವುದಿತ್ತು. ಅದನ್ನು ತಡೆಯಲೆಂದು ಟೇಪು ತೆಗೆದುಕೊಂಡು ಮನೆಯ ಬಾಗಿಲುಗಳನ್ನೆಲ್ಲ ಅಳೆಯತೊಡಗಿದಳು. ಇಪ್ಪತ್ತೊಂದು. ಇಪ್ಪತ್ತೊಂದು. ಇಪ್ಪತ್ತೊಂದು. ಬಾಗಿಲಿನಿಂದ ಬಾಗಿಲಿಗೆ ಅವಳು ಜೋರಾಗಿ ಹೇಳುತ್ತಾ ಹೋದದ್ದು ಯಾರನ್ನೋ ಬೈದಂತೆ ಕೇಳಿಸುತ್ತಿತ್ತು. ನಕ್ಷೆಕೋಣೆಯ ಬಾಗಿಲಿಗೆ ಬಂದಾಗ ದನಿ ನಿಂತಿತು.

"ಮೂವತ್ತೆಂಟು" ಎಂದಳು.

"ಅದು ನಕ್ಷೆ ಬರೆಯೋ ಹಲಗೆ ಒಳಗೆ ಹೋಗ್ಲಿ ಅಂತ ಇಟ್ಟಿದ್ದು" ಎಂದ ಗಂಡ. "ಅದೊಂದು ಬಾಗಿಲಿಗೆ ಅಪ್ಪ ಮೂರು ತಿಂಗಳು ಲೆಕ್ಕ ಹಾಕಿದ್ರಂತೆ."

ಸೊಸೆ ಒಳಗೆ ಹೋದಳು. ಐದಡಿ ಅಗಲದ ಹಲಗೆ, ಎತ್ತರದ ಸ್ಟೂಲು, ಪೆನ್ಸಿಲಿನ ಡಬ್ಬಿಗಳು. ಹಲಗೆಯ ಹಿಂದಿನ ಗೋಡೆ ಹಸಿಯಾಗಿತ್ತು. ಮೊನ್ನೆ ಒಡೆದ ಪೈಪಿನ ಆಚೆಯ ಮಗ್ಗುಲು ಅದು, ಒಂಬತ್ತನೇ ಗೋಡೆಯೇ. ಅವಳು ಆ ಹಸಿಯ ಮೇಲೆ ಅಂಗೈ ಇಟ್ಟಳು. ನೀರು ಇಲ್ಲೇ ಇದೆ. ಕೊಳಚೆ ಪೈಪು ಈ ಕೋಣೆಯ ಹೊರಗೋಡೆಗುಂಟ ಹಿತ್ತಲಿಗೆ ಹೋಗುತ್ತದೆ. ಹಾಸಿಗೆ ಕಿಟಕಿಯ ಕೆಳಗೆ ಹಿಡಿಸುತ್ತದೆ.

"ಇಲ್ಲಿ ಕಮೋಡು ಕೂರಿಸ್ಬಹುದು" ಎಂದಳು.

ನಾದಿನಿ ಬಾಗಿಲಿಗೆ ಬಂದು ನಿಂತಿದ್ದಳು. "ಅಪ್ಪನ ಕೋಣೆಯಲ್ಲಿ ಕಕ್ಕಸು?"

"ಅಮ್ಮನ ಕಕ್ಕಸು."

"ಊರಿಗೆಲ್ಲ ನೀರು ಕೊಟ್ಟ ಮನುಷ್ಯನ ಕೋಣೆ ಇದು! ಫೋಟೋ ತೆಗಿಯೋರು ಬಂದ್ರೆ ಏನು ತೋರಿಸ್ತೀಯಾ? ಕಮೋಡು ತೋರಿಸ್ತೀಯಾ?"

"ಊರಿಗೆಲ್ಲ ನೀರು ಕೊಟ್ಟೋರು ಹೆಂಡ್ತಿಗೆ ಒಂದು ಬಚ್ಚಲ ಬಾಗಿಲು ಕೊಟ್ಟಿದ್ರೆ ನಾನ್ಯಾಕೆ ಇಲ್ಲಿ ಕೈ ಹಾಕ್ತಿದ್ದೆ?"

"ಅವರು ಯುದ್ಧದಲ್ಲಿ ಪಟ್ಟ ಪಾಡು ನಿನಗೇನು ಗೊತ್ತು? ಅವರ ರಕ್ತ ಅಲ್ಲ ನೀನು."

"ಅಲ್ಲ. ಅವರ ಬೆಡ್‌ಪ್ಯಾನ್ ತೊಳೆದೋಳು ಮಾತ್ರ."

ನಾದಿನಿ ಚೀಲ ಎತ್ತಿಕೊಂಡು ಹೊರಟುಹೋದಳು. ಅರ್ಜಿ ಮೇಜಿನ ಮೇಲೇ ಉಳಿಯಿತು. ಸೂಪು ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಮಗಳು ಅದನ್ನು ಮತ್ತೆ ಬಿಸಿಗಿಟ್ಟಳು.

ಗಂಡ ರಾತ್ರಿಯ ಪಾತ್ರೆ ಒರೆಸುತ್ತಾ ಕೊನೆಗೆ ಹೇಳಿದ, "ಅಮ್ಮನ್ನೇ ಕೇಳೋಣ." ಅವನಿಂದ ಇಷ್ಟು ನೇರವಾದ ಮಾತು ಬಂದು ಎಷ್ಟೋ ಕಾಲವಾಗಿತ್ತು.

ಬುಧವಾರ ಸಂಜೆ ಅವರು ವಾರ್ಡಿಗೆ ಹೋದಾಗ ನಾದಿನಿ ಆಗಲೇ ಬಂದು ಕೂತಿದ್ದಳು. ತೊಡೆಯ ಮೇಲೆ ಹಾಳೆಗಳು. ಅಮ್ಮನನ್ನು ತನ್ನ ಕಡೆ ಮಾಡಿಕೊಳ್ಳಲು ತಾನು ಬರೆದ ನಾಲ್ಕು ಪುಟ ಓದಿ ಹೇಳುತ್ತಿದ್ದಳು. ಇವರನ್ನು ನೋಡಿ ದನಿ ಏರಿಸಿದಳೇ ವಿನಾ ನಿಲ್ಲಿಸಲಿಲ್ಲ.

"...ಶತ್ರುಗಳ ಫಿರಂಗಿ ದಾಳಿಯಲ್ಲಿ ಅಡಗುದಾಣ ಕುಸಿದಾಗ ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಏಳು ಮಂದಿ ಗಾಯಾಳುಗಳನ್ನು ಉಳಿಸಿದರು. ಅಂದಿನಿಂದ ಕಟ್ಟಡದ ಭದ್ರತೆಯೇ ಅವರ ಜೀವನದ—"

"ಏಳು ಜನ ಅನ್ನೋದು ಸರಿ" ಎಂದರು ಅತ್ತೆ. "ಉಳಿಸ್ಲಿಲ್ಲ."

"ಏನಮ್ಮಾ?"

"ಏಳೂ ಜನ ಹೋದ್ರು. ಆ ಅಡಗುದಾಣ ಕಟ್ಟಿದ್ದೇ ಇವರ ತುಕಡಿ. ಮೊದಲು ಬಾಗಿಲು ಸಣ್ಣದಿತ್ತು. ಸ್ಟ್ರೆಚರು ಒಳಗೆ ಹೋಗ್ತಿಲ್ಲ, ಅಗಲ ಮಾಡಿಕೊಡಪ್ಪಾ ಅಂತ ಡಾಕ್ಟ್ರು ಕೇಳಿದ್ರಂತೆ. ಇವರು ಒಂದು ಕಂಬ ಕೊಯ್ದು ಒಂಬತ್ತು ಅಂಗುಲ ಅಗಲ ಮಾಡ್ಕೊಟ್ರು. ಎಲ್ಲರೂ ಶಭಾಷ್ ಅಂದ್ರಂತೆ. ಎರಡನೇ ದಿನ ಬಾಂಬು ಬಿತ್ತು. ಅದೂ ದೂರದಲ್ಲಿ ಬಿದ್ದಿದ್ದು. ಬಾಗಿಲ ಕಡೆಯಿಂದ ಚಾವಣಿ ಕೂತ್ಕೊಂಡ್ತು. ಇವರು ಹೊರಗೆ ನೀರು ಕಾಯಿಸ್ತಿದ್ರು."

ಪಕ್ಕದ ಮಂಚದ ರೋಗಿ ರೇಡಿಯೋ ಸಣ್ಣದು ಮಾಡಿದಳು, ಕೇಳಿಸಿಕೊಳ್ಳಲೋ ಗೌರವಕ್ಕೋ ತಿಳಿಯದು.

"ಊರಿಗೆ ಬಂದು ಸಂಜೆ ಶಾಲೆಗೆ ಸೇರಿದ್ದು ಎಂಜಿನಿಯರ್ ಆಗ್ಬೇಕು ಅಂತಲ್ಲ. ಅದು ಯಾಕೆ ಬಿತ್ತು ಅಂತ ಲೆಕ್ಕ ಹಾಕೋಕೆ. ತೊಲೆ ಲೆಕ್ಕ ಕಲಿತ ದಿನಾನೇ ಆ ಬಾಗಿಲಿನ ಲೆಕ್ಕ ಹಾಕಿದ್ರಂತೆ. ಮೇಲಿನ ತೊಲೆ ಇನ್ನು ಮೂರು ಅಂಗುಲ ದಪ್ಪ ಇದ್ದಿದ್ರೆ ನಿಲ್ತಿತ್ತು ಅಂತ ಉತ್ತರ ಬಂತು. ಮದುವೆಯಾದ ವಾರಕ್ಕೆ ಆ ಹಾಳೆ ತಂದು ನನಗೆ ತೋರಿಸಿದ್ರು. ನನಗೇನು ಮಣ್ಣು ತಿಳೀತು? ಅಕ್ಷರ ಚೆನ್ನಾಗಿದೆ ಅಂದೆ. ಮಡಚಿಟ್ರು. ಆಮೇಲೆ ಆ ಮಾತೇ ಎತ್ತಲಿಲ್ಲ."

"ನಮಗ್ಯಾಕೆ ಹೇಳ್ಲಿಲ್ಲ?" ನಾದಿನಿಯ ದನಿ ತಗಡಿನ ಡಬ್ಬಿಯಂತೆ ಒರಟಾಗಿತ್ತು.

"ನೀವು ಕೇಳಿದ್ದು ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದ್ರಿ ಅಂತ. ಏನು ಹೇಳ್ತಾರೆ?"

ಗಂಡ ಕಿಟಕಿಯ ಹತ್ತಿರ ಹೋಗಿ ನಿಂತ. ಸೊಸೆಗೆ ಈಗ ಕಮೋಡಿನ ಮಾತೆತ್ತಲು ನಾಚಿಕೆಯಾಯಿತು. ಎತ್ತದಿದ್ದರೆ ಬಿಡುಗಡೆಯ ಗುರುವಾರ ಬರುವುದು ನಿಲ್ಲುವುದಿಲ್ಲ. ನುಂಗಿಕೊಂಡು ಹೇಳಿದಳು: ನಕ್ಷೆಕೋಣೆ, ಬಾಗಿಲು, ಪೈಪು, ಎಲ್ಲ.

ಅತ್ತೆ ಪೂರ್ತಿ ಕೇಳಿದರು. "ಹಲಗೆ ಏನ್ಮಾಡ್ತೀರಿ?"

"ಬಿಚ್ಚಿ ಅಟ್ಟಕ್ಕೆ."

"ಸರಿಯೋ ತಪ್ಪೋ ನನ್ನ ಕೇಳ್ಬೇಡಿ. ಕೋಣೆ ಬೇಕಾದೋರು ಕೋಣೆ ಇಟ್ಕೊಳ್ಳಿ, ಪುಸ್ತಕ ಬೇಕಾದೋರು ಪುಸ್ತಕ ಇಟ್ಕೊಳ್ಳಿ. ನನಗೆ ದಿನಕ್ಕೆ ಆರು ಸಲ ಹೋಗ್ಬೇಕಾಗತ್ತೆ. ನನ್ನ ಪ್ರಶ್ನೆ ಅಷ್ಟೆ."

ನಾದಿನಿ ಹಾಳೆಗಳನ್ನು ಚೀಲಕ್ಕೆ ತುರುಕಿದಳು. ಒಪ್ಪಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆದರೆ ಬಸ್ ನಿಲ್ದಾಣದಲ್ಲಿ ಸೊಸೆಯ ಪಕ್ಕ ನಿಂತಾಗ, ತನ್ನ ಬಸ್ಸು ಬಂದರೂ ಹತ್ತಲಿಲ್ಲ. ಎರಡನೆಯದಕ್ಕೆ ಹತ್ತಿದಳು.

ಕೆಲಸ ಮಾರನೇ ದಿನ, ಗುರುವಾರವೇ ಶುರುವಾಯಿತು. ಒಟ್ಟು ಏಳು ದಿನ. ಹಲಗೆಯನ್ನು ಬಿಚ್ಚಲು ಗಂಡನೇ ಕೂತ; ಹನ್ನೆರಡು ತಿರುಪುಗಳಲ್ಲಿ ಒಂದೂ ತುಕ್ಕು ಹಿಡಿದಿರಲಿಲ್ಲ, ಪ್ರತಿಯೊಂದಕ್ಕೂ ಎಣ್ಣೆ ಸವರಿಟ್ಟಿದ್ದರು ಮಾವ. ಹತ್ತು ತಿರುಪು ಬಿಚ್ಚಿ ಗಂಡ ಮೂಗೊರೆಸಿಕೊಳ್ಳಲು ಹೊರಗೆ ಹೋದ. ಉಳಿದೆರಡನ್ನು ಮಗಳು ಬಿಚ್ಚಿದಳು. ಮೇಸ್ತ್ರಿ ಹೊರಗೋಡೆಗೆ ನಾಲ್ಕಂಗುಲದ ತೂತು ಕೊರೆಯಲು ಎರಡು ದಿನ ತಿಂದ, ಉಳಿಗಳನ್ನು ಮುರಿದುಕೊಂಡ, ಸತ್ತವರನ್ನು ಬಾಯ್ತುಂಬ ಬೈದ. ಸಿಮೆಂಟು ಒಣಗುವ ಮೊದಲೇ ಮಳೆ ಹಿಡಿಯಿತು. ತಂದ ಕಮೋಡಿನ ಮುಚ್ಚಳ ಒಡೆದಿತ್ತು, ಅಂಗಡಿಯವನು ಬದಲಾಯಿಸುವುದಿಲ್ಲವೆಂದ, ಸೊಸೆ ಊಟದ ಬಿಡುವಿನಲ್ಲಿ ಹೋಗಿ ಜಗಳವಾಡಿ ಬದಲಾಯಿಸಿಕೊಂಡು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ಖಾನೆಗೆ ವಾಪಸಾದಳು. ಮೇಲ್ವಿಚಾರಕ ಅರ್ಧ ದಿನದ ಹಾಜರಿ ಹೊಡೆದುಹಾಕಿದ. ಸಮವಸ್ತ್ರದ ದಪ್ಪ ಬಟ್ಟೆಯ ತುಂಡುಗಳನ್ನು ಜೋಡಿಸಿ ಅವಳು ಮೂಲೆಗೊಂದು ಪರದೆ ಹೊಲಿದಳು. ಆ ಏಳು ದಿನದಲ್ಲಿ ಮನೆಯಲ್ಲಿ ಒಬ್ಬರೂ ಇನ್ನೊಬ್ಬರ ಜೊತೆ ಮೆತ್ತಗೆ ಮಾತಾಡಲಿಲ್ಲ.

ಬಿಡುಗಡೆಯ ದಿನ ಆಸ್ಪತ್ರೆಯವಳು ಬಂದು ಟೇಪು ಹಿಡಿದು ಮೂವತ್ತೆಂಟು ಎಂದು ಬರೆದುಕೊಂಡಳು. ಅತ್ತೆ ಬಂದರು. ಬೀದಿ ಬಾಗಿಲಿನ ಇಪ್ಪತ್ತೊಂದನ್ನು ಮಾತ್ರ ಮಗ, ಸೊಸೆ ಇಬ್ಬರೂ ಹಿಡಿದು ದಾಟಿಸಿದರು. ನಕ್ಷೆಕೋಣೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಒಳಗೆ ಹೋದರು.

ನಾಲ್ಕನೇ ದಿನ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬಾಗಿಲು ತಟ್ಟಿದ್ದು ನಾದಿನಿ. ಅವಳ ಹಿಂದೆ ಇಬ್ಬರು ಮುದುಕರು, ಇಲಾಖೆಯ ನಿವೃತ್ತರು. ಒಬ್ಬರ ಕತ್ತಿನಲ್ಲಿ ಕ್ಯಾಮೆರಾ, ಇನ್ನೊಬ್ಬರ ಕೈಯಲ್ಲಿ ಕಡತ. ಜಗಳವಾದ ಮೇಲೆ ಅವಳು ಈ ಮನೆಗೆ ಒಂದು ಸಲವೂ ಬಂದಿರಲಿಲ್ಲ.

"ಬರಬೇಡಿ ಅಂದ್ರೂ ಬಂದ್ರು" ಎಂದಳು ಸೊಸೆಗೆ, ಮುಖ ನೋಡದೆ.

ಕಡತದವರು ಕೂರುವ ಮೊದಲೇ ಶುರುಮಾಡಿದರು. "ಲೇಖನ ಚೆನ್ನಾಗಿದೆ ಮೇಡಂ. ಆದ್ರೆ ಆ ಅಡಗುದಾಣದ ಭಾಗ, ಬಾಗಿಲು ಅಗಲ ಮಾಡಿದ್ದು, ಏಳು ಜನ... ಸ್ಮರಣ ಸಂಚಿಕೆ ನೋಡಿ ಇದು. ಹೊಸದಾಗಿ ಸೇರೋ ಎಂಜಿನಿಯರುಗಳು ಓದೋದು. ಅದೊಂದು ತೆಗೆದುಬಿಟ್ರೆ—"

"ತೆಗಿಯೋದಾದ್ರೆ ನಾಲ್ಕು ಪುಟಾನೂ ತೆಗೀರಿ" ಎಂದಳು ನಾದಿನಿ. ಶಾಲೆಯಲ್ಲಿ ಗದ್ದಲ ನಿಲ್ಲಿಸುವ ದನಿ ಅದು. "ಹೊಸಬರೇ ಓದ್ಬೇಕಾದ್ದು ಅದನ್ನ."

ಸೊಸೆ ಈಗ ಅವಳ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಸರಿ, ಸಂಘದಲ್ಲಿ ಮಾತಾಡೋಣ" ಎಂದರು ಕಡತದವರು, ಸರಿಯಲ್ಲದ ದನಿಯಲ್ಲಿ. "ಫೋಟೋ ಆದ್ರೂ ತೆಗೀತೀವಿ. ಕೋಣೆ ಯಾವ ಕಡೆ?"

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಗುಳಿ ಹಾಕಿತ್ತು. ಕ್ಯಾಮೆರಾದವರು ಒಮ್ಮೆ ತಳ್ಳಿ ನೋಡಿ, ಗಡಿಯಾರ ನೋಡಿಕೊಂಡರು. ಹನ್ನೊಂದಕ್ಕೆ ಅವರ ಬಸ್ಸು.

"ಯಾರದು?" ಎಂದಿತು ಒಳಗಿನಿಂದ ಅತ್ತೆಯ ದನಿ, ಪರದೆಯ ಆಚೆಯಿಂದ.

"ಇಲಾಖೆಯವರು ಅತ್ತೆ" ಎಂದಳು ಸೊಸೆ ಬಾಗಿಲಿಗೆ ಬಾಯಿಟ್ಟು. "ಮಾವನ ಕೋಣೆ ಫೋಟೋ ತೆಗೀಬೇಕಂತೆ. ಇನ್ನೂ ಎಷ್ಟು ಹೊತ್ತಾಗತ್ತೆ?"

"ಗೊತ್ತಿಲ್ಲ. ಕಾಯೋಕೆ ಹೇಳು. ನಿಮ್ಮಾವನ ಲೆಕ್ಕ ಮುಗೀಲಿ ಅಂತ ಚಹಾ ಹಿಡ್ಕೊಂಡು ಈ ಬಾಗಿಲ ಹೊರಗೆ ನಾನು ಮೂವತ್ತೆಂಟು ವರ್ಷ ನಿಂತಿದ್ದೀನಿ."

ಮುದುಕರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾದಿನಿ ಅಡುಗೆಮನೆಯಿಂದ ಎರಡು ಕುರ್ಚಿಗಳನ್ನು ಒಂದೊಂದಾಗಿ ಅಡ್ಡಕ್ಕೆ ತಿರುಗಿಸಿ ತಂದು, ಮುಚ್ಚಿದ ಬಾಗಿಲಿನ ಎದುರಿಗೆ ಹಾಕಿದಳು.

"ಕೂತ್ಕೊಳ್ಳಿ" ಎಂದಳು.